ಹಿತ್ತಿಲಿನಿಂದ ಕಾಣುತ್ತಿದ್ದ ಗುಡ್ಡ

ನನ್ನ ದೊಡ್ಡಮ್ಮನಿಗೆ ಈಗ 73 ವರ್ಷ. ಹುಟ್ಟಿದಂದಿನಿಂದ ಮದುವೆಯಾಗಿ ತೀರ್ಥಹಳ್ಳಿಯ ಕಡೆಗೆ ಬರುವವರೆಗೆ ಅವರು ಬೆಳೆದ ಮನೆಯ ಹಿತ್ತಿಲಲ್ಲಿ ನಿಂತರೆ, ಬಚ್ಚಲಿನ ಹೊಗೆಯಾಚೆ, ಅಡಿಕೆ ತೋಟದ ತಲೆಯ ಮೇಲೆ, ಕವಲೇದುರ್ಗದ ಗುಡ್ಡ ಕಾಣುತ್ತಿತ್ತಂತೆ. ಬೆಳಗಿನ ಬಿಸಿಲು ಆ ಗುಡ್ಡದ ಕಡೆಯಿಂದಲೇ ಮನೆಗೆ ಬರುತ್ತಿತ್ತು. ಚಳಿಗಾಲದಲ್ಲಿ ಗುಡ್ಡದ ನೆತ್ತಿ ಮಂಜಿನಿಂದ ಹೊರಬಿದ್ದಮೇಲೆಯೇ ಅಂಗಳದಲ್ಲಿ ಅಡಿಕೆ ಹರಡಲು ಅವರ ಅಪ್ಪ ಹೇಳುತ್ತಿದ್ದರು. ಹೀಗೆ ದಿನಕ್ಕೆ ಹತ್ತು ಸಲ ನೋಡಿದ ಗುಡ್ಡವನ್ನು ಅವರು ಒಮ್ಮೆಯೂ ಹತ್ತಿರಲಿಲ್ಲ. ಹೆಣ್ಣುಮಕ್ಕಳು ಸುಮ್ಮನೆ ಗುಡ್ಡ ಹತ್ತಿ ಬರುವ ಕಾಲ ಅದಾಗಿರಲಿಲ್ಲ, ಕೆಲಸವೂ ಬಿಡುತ್ತಿರಲಿಲ್ಲ. ಮದುವೆಯಾಗಿ ಬಂದ ಕೆಲವು ವರ್ಷಗಳಲ್ಲಿ ವಾರಾಹಿ ಜಲವಿದ್ಯುತ್ ಯೋಜನೆಗಾಗಿ ಮಾಣಿಯಲ್ಲಿ ಅಣೆಕಟ್ಟು ಎದ್ದು, ಆ ಹಿತ್ತಿಲೂ ಆ ತೋಟವೂ ಆ ಮನೆಯೂ ನೀರಿನಡಿಗೆ ಹೋದವು. ಗುಡ್ಡ ಮಾತ್ರ ಅಲ್ಲೇ ಉಳಿಯಿತು.

ಕಳೆದ ದೀಪಾವಳಿ ಮುಗಿದ ವಾರ, ಅಡಿಕೆ ಕೊನೆಗಳ ಕೊಯ್ಲು ಶುರುವಾಗುವುದಕ್ಕೆ ಇನ್ನೂ ಸ್ವಲ್ಪ ದಿನ ಇದ್ದಾಗ, ದೊಡ್ಡಮ್ಮ ತಾವಾಗಿಯೇ ಕೇಳಿದರು: ‘ಕವಲೇದುರ್ಗಕ್ಕೆ ಒಂದ್ಸಲ ಕರ್ಕೊಂಡು ಹೋಗ್ತೀಯೇನೋ? ಮಂಡಿ ಇನ್ನೂ ಗಟ್ಟಿ ಇದೆ.’ ನಾನು ಆ ಗುಡ್ಡವನ್ನು ಆರೇಳು ಸಲ ಹತ್ತಿದವನು. ಶಾಲೆಯಿಂದ ಹೋಗಿದ್ದೇನೆ, ಸ್ನೇಹಿತರ ಜೊತೆ ಸೂರ್ಯಾಸ್ತ ನೋಡಲು ಹೋಗಿದ್ದೇನೆ, ಊರಿಗೆ ಬಂದ ನೆಂಟರನ್ನು ಕರೆದುಕೊಂಡು ಹೋಗಿದ್ದೇನೆ. ಅಷ್ಟು ಸಲ ಹೋಗಿಯೂ ಆ ಜಾಗವನ್ನು ನಾನು ಸರಿಯಾಗಿ ನೋಡಿರಲಿಲ್ಲ ಎಂಬುದು ದೊಡ್ಡಮ್ಮನ ಜೊತೆ ನಿಧಾನವಾಗಿ, ಅಲ್ಲಲ್ಲಿ ಕುಳಿತು, ಒಂದೊಂದು ಕಲ್ಲಿನ ಮುಂದೆ ನಿಂತು ಹತ್ತಿದ ಆ ದಿನ ನನಗೆ ತಿಳಿಯಿತು.

ತೀರ್ಥಹಳ್ಳಿಯಿಂದ ನಗರ ಎಂಬ ಊರಿನ ದಿಕ್ಕಿಗೆ ಹೊರಟು ಒಳದಾರಿಗೆ ತಿರುಗಿದರೆ ಸುಮಾರು 18 ಕಿಲೋಮೀಟರಿಗೆ ಕವಲೇದುರ್ಗದ ಊರು ಸಿಗುತ್ತದೆ. ಇಂದು ಅದು ಕೆಲವೇ ಮನೆಗಳ, ಗದ್ದೆಗಳ, ಒಂದು ಹಳೆಯ ವೀರಶೈವ ಮಠದ ಊರು. ಆದರೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದವರೆಗೂ ಈ ಇಡೀ ತಾಲ್ಲೂಕಿನ ಹೆಸರೇ ಕವಲೇದುರ್ಗ ತಾಲ್ಲೂಕು ಎಂದಿತ್ತು. ತೀರ್ಥಹಳ್ಳಿಯ ಹೆಸರು ತಾಲ್ಲೂಕಿಗೆ ಬಂದದ್ದು ಆಮೇಲೆ. ದೊಡ್ಡಮ್ಮನಿಗೆ ಇದನ್ನು ಹೇಳಿದಾಗ ಅವರು ನಂಬಲು ಸ್ವಲ್ಪ ಹೊತ್ತು ತೆಗೆದುಕೊಂಡರು. ತಾಲ್ಲೂಕು ಕಚೇರಿ, ಸಂತೆ, ಆಸ್ಪತ್ರೆ, ಅಡಿಕೆ ಮಂಡಿ ಎಲ್ಲದಕ್ಕೂ ತೀರ್ಥಹಳ್ಳಿಗೆ ಹೋಗಿಯೇ ರೂಢಿಯಾದವರಿಗೆ, ಒಂದು ಕಾಲದಲ್ಲಿ ಈ ಸೀಮೆಯ ಜನ ತಮ್ಮ ಊರನ್ನು ಹೇಳುವಾಗ ಈ ಗುಡ್ಡದ ಹೆಸರನ್ನು ಸೇರಿಸಿ ಹೇಳುತ್ತಿದ್ದರು ಎಂಬುದು ಸುಲಭವಾಗಿ ಒಳಗಿಳಿಯುವ ಮಾತಲ್ಲ.

ದಾರಿ ಮೊದಲು ಗದ್ದೆಯ ಅಂಚಿನ ಮೇಲೆ ಹೋಗುತ್ತದೆ. ಆ ವಾರ ಭತ್ತ ಹಣ್ಣಾಗಿ ಒಂದು ಪಕ್ಕಕ್ಕೆ ವಾಲಿತ್ತು. ಗದ್ದೆ ದಾಟಿದ ಕೂಡಲೇ ಕಾಡು ಶುರುವಾಗುತ್ತದೆ, ಕಾಡಿನೊಳಗೆ ಕಲ್ಲು ಹಾಸಿದ ದಾರಿ. ಈ ಕಲ್ಲುಹಾಸಿನ ಬಗ್ಗೆ ಯಾರೂ ಹೆಚ್ಚು ಹೇಳುವುದಿಲ್ಲ. ಎಲ್ಲರೂ ಮೇಲಿನ ಬಾಗಿಲುಗಳ ಮಾತನ್ನೇ ಆಡುತ್ತಾರೆ. ಆದರೆ ಮಲೆನಾಡಿನಲ್ಲಿ ತೋಟಕ್ಕಿಳಿಯುವ ಒಂದು ಕಾಲುದಾರಿಯನ್ನು ವರ್ಷವೂ ಉಳಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ಗೊತ್ತಿದ್ದವರಿಗೆ ಈ ದಾರಿಯೇ ಮೊದಲ ಬೆರಗು. ಇದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ. ಅಂಥ ಮಳೆಯ ಸೀಮೆಯಲ್ಲಿ, ಇಳಿಜಾರಿನಲ್ಲಿ, ನೂರಾರು ವರ್ಷಗಳ ನಂತರವೂ ಕಲ್ಲುಗಳು ಹಾಸಿದಲ್ಲೇ ಕೂತಿವೆ ಎಂದರೆ ಹಾಸಿದವರಿಗೆ ನೀರು ಯಾವ ಕಡೆ ಓಡುತ್ತದೆ ಎಂಬ ಅಂದಾಜು ಪಕ್ಕಾ ಇತ್ತು. ದೊಡ್ಡಮ್ಮ ಕೋಲಿನ ತುದಿಯಿಂದ ಒಂದು ಕಲ್ಲಿನ ಮೇಲಿನ ಒಣ ಎಲೆಯ ದರಗು ಸರಿಸಿ, ಅದು ಸ್ವಲ್ಪ ಒಂದು ಬದಿಗೆ ಓರೆಯಾಗಿರುವುದನ್ನು ತೋರಿಸಿದರು. ನಾನು ಅಷ್ಟು ಸಲ ಅದನ್ನೇ ತುಳಿದು ಹೋಗಿದ್ದೆ.

ಕೋಟೆಗೆ ಒಂದರೊಳಗೊಂದರಂತೆ ಮೂರು ಸುತ್ತು. ಗುಡ್ಡದ ಮೈ ಹೇಗೆ ಬಳುಕಿದೆಯೋ ಹಾಗೆಯೇ ಗೋಡೆಯೂ ಬಳುಕಿಕೊಂಡು ಹೋಗುತ್ತದೆ. ದೊಡ್ಡ ದೊಡ್ಡ ಕಣಶಿಲೆಯ ದಿಮ್ಮಿಗಳನ್ನು ಒಂದರ ಮೇಲೊಂದು ಕೂರಿಸಿದ ರೀತಿ ನೋಡಿದರೆ ಗುಡ್ಡದ ಬಂಡೆ ಎಲ್ಲಿ ಮುಗಿಯಿತು, ಮನುಷ್ಯರು ಕಟ್ಟಿದ ಗೋಡೆ ಎಲ್ಲಿ ಮೊದಲಾಯಿತು ಎಂದು ಕೆಲವು ಕಡೆ ತಿಳಿಯುವುದೇ ಇಲ್ಲ. ಪ್ರತಿ ಸುತ್ತಿಗೂ ಒಂದು ಹೆಬ್ಬಾಗಿಲು, ಬಾಗಿಲಿನ ಎರಡೂ ಬದಿಗೆ ಕಾವಲಿನವರ ಕೋಣೆ. ಮೊದಲ ಬಾಗಿಲಿನ ಕಾವಲು ಕಟ್ಟೆಯ ಮೇಲೆ ಕುಳಿತು ನಾವು ನೀರು ಕುಡಿದೆವು. ಜೂನ್ ತಿಂಗಳಿನ ರಾತ್ರಿ ಇಲ್ಲಿ ಕಾವಲು ಕೂತವನ ಕಂಬಳಿ ಒಣಗುತ್ತಿತ್ತೋ ಇಲ್ಲವೋ ಎಂದು ದೊಡ್ಡಮ್ಮ ಕೇಳಿದರು. ಇತಿಹಾಸದ ಪುಸ್ತಕ ಓದುವಾಗ ನನಗೆ ಇಂಥ ಪ್ರಶ್ನೆ ಬಂದದ್ದಿಲ್ಲ.

ಈ ಜಾಗವನ್ನು ನಾವೆಲ್ಲ ಕೋಟೆ ಎಂದೇ ಕರೆಯುತ್ತೇವೆ; ಹೆಸರಲ್ಲೇ ದುರ್ಗ ಇದೆ. ಗೋಡೆಗಳೂ ಬಾಗಿಲುಗಳೂ ದೊಡ್ಡವು, ಕಣ್ಣಿಗೆ ಮೊದಲು ಬೀಳುವುದು ಅವೇ. ಆದರೆ ಈ ಸೀಮೆಯನ್ನು ಆಳಿದ ಕೆಳದಿ ಸಂಸ್ಥಾನದ ಅರಸ ಹಿರಿಯ ವೆಂಕಟಪ್ಪ ನಾಯಕ ಇಲ್ಲಿ ಏನೇನು ಕಟ್ಟಿಸಿದ ಎಂಬ ಪಟ್ಟಿಯನ್ನು ಒಮ್ಮೆ ನಿಧಾನವಾಗಿ ಓದಿದರೆ ಬೇರೆಯೇ ಚಿತ್ರ ಬರುತ್ತದೆ. ಮೊದಲೇ ಇದ್ದ ಕೋಟೆಯನ್ನು ಆತ ಬಲಪಡಿಸಿ, ಗುಡ್ಡಕ್ಕೆ ಭುವನಗಿರಿ ಎಂಬ ಹೆಸರು ಬರುವಂತೆ ಮಾಡಿ, ಅರಮನೆ ಕಟ್ಟಿಸಿದ, ವೀರಶೈವರ ಮಹತ್ತಿನ ಮಠವನ್ನು ಸ್ಥಾಪಿಸಿದ, ಶೃಂಗೇರಿ ಮಠಕ್ಕೆ ಜಾಗ ಕೊಟ್ಟ, ಖಜಾನೆ, ಕಣಜ, ಆನೆ ಮತ್ತು ಕುದುರೆಗಳ ಲಾಯ, ಕೊಳಗಳು, ಜೊತೆಗೆ ಒಂದು ಅಗ್ರಹಾರ. ಇದರಲ್ಲಿ ಯುದ್ಧಕ್ಕೆ ಬೇಕಾದದ್ದು ಎಷ್ಟಿದೆ? ಆನೆ ಕುದುರೆ ಬಿಟ್ಟರೆ ಉಳಿದದ್ದೆಲ್ಲ ಊರಿನ ಸಾಮಾನು. ಮಠದಲ್ಲಿ ಊಟಕ್ಕೆ ಕೂರುವವರು ಬೇಕು, ಅಗ್ರಹಾರದಲ್ಲಿ ಮನೆ ಮಠ ಮಕ್ಕಳು ಬೇಕು, ಕಣಜ ಇದ್ದ ಮೇಲೆ ಭತ್ತ ಹೊರುವವರೂ ಅಳೆಯುವವರೂ ಕುಟ್ಟುವವರೂ ಇರಲೇಬೇಕು, ಲಾಯ ಇದ್ದ ಮೇಲೆ ದಿನವೂ ಹುಲ್ಲು ತರುವವರು ಗುಡ್ಡ ಹತ್ತಿ ಇಳಿದಿರಲೇಬೇಕು. ಇದು ಗೋಡೆ ಸುತ್ತಿಕೊಂಡಿದ್ದ ಒಂದು ಊರು. ಕೋಟೆ ನೋಡಲು ಹೋದವರಿಗೆ ಗೋಡೆ ಕಾಣುತ್ತದೆ, ಊರು ನೋಡಲು ಹೋದವರಿಗೆ ಬೇರೆ ಏನೋ ಕಾಣುತ್ತದೆ.

ಊರು ಎಂದರೆ ಮಕ್ಕಳೂ ಇರಬೇಕಲ್ಲ. 1623ರಲ್ಲಿ, ಇದೇ ವೆಂಕಟಪ್ಪ ನಾಯಕನ ಕಾಲದಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಪೋರ್ಚುಗೀಸರ ರಾಯಭಾರಿಯ ಜೊತೆಗೆ ಗೋವೆಯಿಂದ ಹೊರಟು ಗೇರುಸೊಪ್ಪೆಯ ಘಟ್ಟ ಹತ್ತಿ ನಾಯಕನ ರಾಜಧಾನಿ ಇಕ್ಕೇರಿಗೆ ಹೋದ. ದಾರಿಯಲ್ಲಿ, ಘಟ್ಟದ ಮೇಲೆ, ಸಾಮಾನು ಹೊರುವವರು ಸಿದ್ಧವಾಗುವವರೆಗೆ ಅವನು ಒಂದು ಗುಡಿಯ ಮುಂದಿನ ಜಗುಲಿಯಲ್ಲಿ ಕುಳಿತು ನಾಲ್ಕು ಹುಡುಗರು ಲೆಕ್ಕ ಕಲಿಯುವುದನ್ನು ನೋಡಿದ್ದನ್ನು ಬರೆದಿಟ್ಟಿದ್ದಾನೆ. ನೆಲಕ್ಕೆ ಮರಳು ಹರಡಿಕೊಂಡು, ಬೆರಳಿನಿಂದ ಅದರ ಮೇಲೆ ಅಂಕಿ ಬರೆಯುತ್ತ, ಬರೆದದ್ದನ್ನೇ ಒಬ್ಬ ರಾಗವಾಗಿ ಹೇಳಿ ಉಳಿದವರು ಅನುಸರಿಸುತ್ತಿದ್ದರಂತೆ. ನೆಲ ತುಂಬಿದರೆ ಅಳಿಸಿ ಮತ್ತೆ ಮರಳು ಹಾಕುತ್ತಿದ್ದರಂತೆ. ಅದು ಕವಲೇದುರ್ಗವಲ್ಲ, ಆದರೆ ಅದೇ ಅರಸನ ನಾಡು, ಅದೇ ದಶಕ. ಇಲ್ಲಿನ ಕಾಶಿವಿಶ್ವನಾಥನ ಗುಡಿಯ ಮುಂದೆ ನಿಂತಾಗಲೆಲ್ಲ ಆ ಮರಳಿನ ಲೆಕ್ಕ ನನಗೆ ನೆನಪಾಗುತ್ತದೆ. ನಾಲ್ಕು ನೂರು ವರ್ಷದ ಹಿಂದೆ ಈ ಜಗುಲಿಯಲ್ಲೂ ಯಾರೋ ಹುಡುಗ ಮಗ್ಗಿ ತಪ್ಪಿ ಬೈಸಿಕೊಂಡಿರಬೇಕು ಎಂದು ನಂಬುವುದಕ್ಕೆ ನನಗೆ ಬೇರೆ ದಾಖಲೆ ಬೇಡ.

ಆ ಗುಡಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮುಂದೆ ನಿಂತಿರುವ ಎರಡು ಎತ್ತರದ ಕಂಬಗಳನ್ನೂ ಗೋಡೆಯ ಮೇಲಿನ ಉಬ್ಬುಚಿತ್ರಗಳನ್ನೂ ಎಲ್ಲರೂ ನೋಡುತ್ತಾರೆ, ಚಿತ್ರ ತೆಗೆಯುತ್ತಾರೆ. ನನ್ನ ಗಮನ ಆ ದಿನ ಹೋದದ್ದು ನೀರಿನ ಕಡೆಗೆ.

ಬೆಟ್ಟದ ಮೇಲೆ ಊರು ಕಟ್ಟುವವನಿಗೆ ಶತ್ರುವಿಗಿಂತ ಮೊದಲು ಎದುರಾಗುವುದು ನೀರು. ನಮ್ಮ ಕಡೆ ನೀರಿಗೇನು ಬರ ಎಂದು ಬಯಲುಸೀಮೆಯವರು ಕೇಳುತ್ತಾರೆ. ಮಲೆನಾಡಿನಲ್ಲಿ ಹುಟ್ಟಿದವರಿಗೆ ಗೊತ್ತು: ನಾಲ್ಕು ತಿಂಗಳು ಆಕಾಶವೇ ಬಿದ್ದಂತೆ ಸುರಿದ ನೀರು ನಿಲ್ಲುವುದಿಲ್ಲ, ಇಳಿದು ಹೋಗುತ್ತದೆ. ಗುಡ್ಡದ ಮಗ್ಗುಲಿನ ಅಬ್ಬಿಯಿಂದ, ಅಂದರೆ ಒರತೆಯಿಂದ, ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹಿತ್ತಿಲಿಗೆ ಬರುತ್ತಿದ್ದ ನೀರು ಶಿವರಾತ್ರಿ ಕಳೆದ ಮೇಲೆ ಸಣ್ಣಗಾಗಿ, ಯುಗಾದಿಯ ಹೊತ್ತಿಗೆ ತೊಟ್ಟಿಕ್ಕಲು ಶುರುವಾಗುವುದನ್ನು ನಾವೆಲ್ಲ ನೋಡಿದವರೇ. ಗುಡ್ಡದ ಬುಡದಲ್ಲೇ ಹೀಗಾದರೆ ಗುಡ್ಡದ ತಲೆಯಲ್ಲಿ? ಅಲ್ಲಿಗೆ ಮೇಲಿನಿಂದ ಹರಿದು ಬರುವ ಹಳ್ಳವಿಲ್ಲ. ಬಿದ್ದ ಮಳೆಯನ್ನು ಹಿಡಿದಿಟ್ಟುಕೊಂಡರೆ ಉಂಟು, ಇಲ್ಲದಿದ್ದರೆ ಬುಡದಿಂದ ಹೊತ್ತು ತರಬೇಕು.

ಹಾಗಾಗಿ ಕವಲೇದುರ್ಗದಲ್ಲಿ ಬೇರೆ ಬೇರೆ ಎತ್ತರದಲ್ಲಿ ಕೊಳಗಳಿವೆ. ಕಲ್ಲು ಕಟ್ಟಿದ, ಮೆಟ್ಟಿಲಿಳಿಸಿದ ಕೊಳಗಳು. ಅರಮನೆಯ ಹಿಂದೆ ಒಂದು, ಗುಡಿಗಳ ಹತ್ತಿರ ಬೇರೆ. ಮೇಲಿನ ಬಂಡೆಯಿಂದ ಇಳಿದ ನೀರು ಒಂದರಲ್ಲಿ ನಿಂತು, ತುಂಬಿ, ಕೆಳಗಿನ ಇಳಿಜಾರಿಗೆ ಹೋಗುತ್ತದೆ. ನಾವು ಹೋದದ್ದು ಮಳೆ ನಿಂತು ತಿಂಗಳಾಗಿದ್ದ ಸಮಯ. ಕೊಳದ ನೀರು ಹಸಿರು ಬಣ್ಣಕ್ಕೆ ತಿರುಗಿ ನಿಶ್ಚಲವಾಗಿತ್ತು. ದೊಡ್ಡಮ್ಮ ಮೆಟ್ಟಿಲುಗಳನ್ನು ಮೇಲಿನಿಂದ ಕೆಳಗೆ ನೋಡಿದವರು, ಬೇಸಿಗೆ ಮುಂದುವರಿದಂತೆ ನೀರಿಗೆ ಹೋಗುವ ಹೆಂಗಸು ಒಂದೊಂದು ಮೆಟ್ಟಿಲು ಹೆಚ್ಚಿಗೆ ಇಳಿಯಬೇಕಾಗುತ್ತದೆ ಎಂದರು. ಇನ್ನೆಷ್ಟು ಮೆಟ್ಟಿಲು ಉಳಿದಿವೆ ಎಂದು ಎಣಿಸಿದರೆ ಮಳೆಗಾಲಕ್ಕೆ ಎಷ್ಟು ದಿನ ಎಳೆಯಬೇಕು ಎಂಬ ಲೆಕ್ಕ ಸಿಗುತ್ತಿತ್ತು ಎಂಬುದು ಅವರ ವಿವರಣೆ. ಅವರ ತವರಿನ ಬಾವಿಯ ಒಳಗೋಡೆಗೂ ಅಂಥದೇ ಗುರುತಿನ ಕಲ್ಲುಗಳಿದ್ದವಂತೆ. ಮೂರನೆಯ ಕಲ್ಲು ಕಂಡರೆ ಬಟ್ಟೆ ತೊಳೆಯುವುದನ್ನು ಹೊಳೆಗೆ ಬದಲಾಯಿಸುತ್ತಿದ್ದರಂತೆ.

ಅರಮನೆ ಎಂದು ಹೇಳುವ ಜಾಗದಲ್ಲಿ ಅರಮನೆ ಇಲ್ಲ. ಮಣ್ಣು ಸರಿಸಿ ಹೊರತೆಗೆದ ಅಡಿಪಾಯ, ಕಟ್ಟೆಗಳು, ಮೆಟ್ಟಿಲು, ಕಂಬ ಕೂರಿಸಿದ್ದ ಕಲ್ಲುಗಳು ಇವೆ. ಎಲ್ಲವೂ ಮೊಣಕಾಲಿನಿಂದ ಸೊಂಟದ ಎತ್ತರದೊಳಗೆ. ನಮ್ಮ ಕಡೆ ಮನೆಯ ಅಡಿಪಾಯಕ್ಕೆ ಪಂಚಾಂಗ ಎನ್ನುತ್ತೇವೆ. ದೊಡ್ಡಮ್ಮ ಸುತ್ತ ನೋಡಿ ‘ಬರೀ ಪಂಚಾಂಗ ಉಳ್ದಿದೆ’ ಎಂದರು. ನಾನು ಹಿಂದೆ ಬಂದಾಗಲೆಲ್ಲ ಇಲ್ಲಿ ಹೆಚ್ಚು ನಿಲ್ಲದೆ ಶಿಖರಕ್ಕೆ ಹೋಗುತ್ತಿದ್ದೆ. ದೊಡ್ಡಮ್ಮ ಮಾತ್ರ ಅದನ್ನು ಓದಲು ಶುರು ಮಾಡಿದರು. ಇದು ಜಗುಲಿ, ಇದು ಒಳಗಿನ ಅಂಗಳ, ಇದು ದೇವರ ಕೋಣೆ ಇರಬೇಕು, ಇದು ಬಚ್ಚಲು, ನೋಡು ನೀರು ಬರುವ ದಾರಿ ಇಲ್ಲಿದೆ, ಹೋಗುವ ದಾರಿ ಅಲ್ಲಿದೆ. ಮಲೆನಾಡಿನ ತೊಟ್ಟಿಮನೆಯಲ್ಲಿ ಬದುಕಿದವರಿಗೆ ಆ ನಕ್ಷೆ ಕಣ್ಣು ಮುಚ್ಚಿದರೂ ಗೊತ್ತು. ಅರಸನ ಮನೆ ಅಳತೆಯಲ್ಲಿ ದೊಡ್ಡದು, ಆದರೆ ಅದರ ವ್ಯಾಕರಣ ನಮ್ಮ ಮನೆಗಳದ್ದೇ.

ಆಮೇಲೆ ಅವರು ಅಡುಗೆಮನೆಗೆ ಬಂದರು.

ಅಲ್ಲಿ ಐದು ಉರಿಗಳ ಒಂದು ಕಲ್ಲೊಲೆ ಇದೆ. ಕವಲೇದುರ್ಗಕ್ಕೆ ಹೋದವರಲ್ಲಿ ಹಲವರು ಅದನ್ನು ನೋಡಿ, ‘ಅರಸರ ಕಾಲದ ಗ್ಯಾಸ್ ಸ್ಟವ್’ ಎಂದು ಹೇಳಿ ಮುಂದೆ ಹೋಗುತ್ತಾರೆ. ದೊಡ್ಡಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅದರ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. ಒಲೆಯ ಬಾಯಲ್ಲಿ ತುಂಬಿದ್ದ ದರಗನ್ನು ಕೈಯಿಂದ ಬಳಿದು ತೆಗೆದರು. ಒಳಗೆ ಬೆರಳು ಹಾಕಿ ಸವರಿದರು; ಮಸಿ ಏನೂ ಉಳಿದಿರಲಿಲ್ಲ, ಮಳೆ ಯಾವ ಕಾಲಕ್ಕೋ ತೊಳೆದಿತ್ತು. ಪಾತ್ರೆ ಕೂರುವ ಜಾಗಗಳ ನಡುವಿನ ಅಂತರವನ್ನು ಗೇಣಿನಿಂದ ಅಳೆದರು. ತಮ್ಮ ಬಲಗೈಗೆ ಯಾವ ಉರಿ ಸಿಗುತ್ತದೆ, ಎಡಗೈಗೆ ಯಾವುದು ಎಂದು ಕೈ ಚಾಚಿ ನೋಡಿದರು. ಅನ್ನದ ಚರಿಗೆ ಇಲ್ಲಿ, ಸಾರು ಇಲ್ಲಿ, ಪಲ್ಯ ಇಲ್ಲಿ, ಹಾಲು ಕಾಯುವುದಕ್ಕೆ ದೂರದ್ದು, ಅಲ್ಲಿ ಉರಿ ಮಂದ ಎಂದು ಐದಕ್ಕೂ ಕೆಲಸ ಹಂಚಿದರು. ನಮ್ಮ ಹಳೆಯ ಮನೆಗಳಲ್ಲಿ ದೊಡ್ಡ ಒಲೆಯ ಪಕ್ಕಕ್ಕೆ ಒಂದು ಕೋಡೊಲೆ ಇರುತ್ತಿತ್ತು. ಸೌದೆ ಹಾಕುವುದು ಒಂದಕ್ಕೆ, ಅದರ ಬಿಸಿ ಎರಡನೆಯದಕ್ಕೂ ಹೋಗುತ್ತಿತ್ತು; ಹಾಲಿನ ಪಾತ್ರೆ ಯಾವಾಗಲೂ ಆ ಕೋಡೊಲೆಯ ಮೇಲೆ. ‘ಸೌದೆ ಗುಡ್ಡದ ಮೇಲೇ ಸಿಗ್ತಿತ್ತು ಅಂದ್ರೂ ಕಡ್ದು, ಒಣಗ್ಸಿ, ಮಳೆಗಾಲಕ್ಕೆ ಒಟ್ಟಬೇಕಲ್ಲ. ಉರಿ ಪೋಲು ಮಾಡದ ಹೆಂಗಸು ಹೇಳಿ ಕಟ್ಟಿಸಿದ ಒಲೆ ಇದು’ ಎಂದು ತೀರ್ಪು ಕೊಟ್ಟರು. ಕೆಳದಿಯ ನಾಯಕರ ವಾಸ್ತುಶೈಲಿಯ ಬಗ್ಗೆ ನಾನು ಓದಿದ ಯಾವ ಮಾತಿಗಿಂತಲೂ ಈ ಮಾತಿನಲ್ಲಿ ನನಗೆ ಹೆಚ್ಚು ನಂಬಿಕೆ ಹುಟ್ಟಿತು.

ಎದ್ದು ನಿಂತವರು ತಲೆಯೆತ್ತಿ ಕೇಳಿದರು: ‘ಹೊಗೆ ಎಲ್ಲಿ ಹೋಗ್ತಿತ್ತು ಹಾಗಾದ್ರೆ?’

ಮೇಲೆ ಆಕಾಶವಿತ್ತು. ಮಾಡು ಇದ್ದಿದ್ದರೆ ಹೊಗೆಯ ದಾರಿ ಕಾಣುತ್ತಿತ್ತು; ಹೊಗೆ ಕಟ್ಟಿ ಕಪ್ಪಾದ ಅಟ್ಟ, ಅಟ್ಟದ ಮೇಲೆ ಒಣಗುವ ಹುಣಸೆ, ವಾಟೆಹುಳಿ, ಬಿತ್ತನೆಗೆ ಇಟ್ಟ ಸೌತೆಕಾಯಿ, ಜಂತೆಗೆ ಜೋತುಬಿಟ್ಟ ಬುಟ್ಟಿ ಕಾಣುತ್ತಿದ್ದವು. ಮಲೆನಾಡಿನಲ್ಲಿ ಪಂಚಾಂಗದಿಂದ ಮೇಲಿನದೆಲ್ಲ ಮರ, ಮಣ್ಣು, ಸೋಗೆ ಅಥವಾ ಹೆಂಚು. ನಮ್ಮ ಕಡೆಯ ಮನೆಯೊಂದನ್ನು ಎರಡು ಮಳೆಗಾಲ ಹೊದೆಸದೆ ಬಿಟ್ಟರೆ ಗೋಡೆ ಕರಗಲು ತೊಡಗುತ್ತದೆ, ಐದನೆಯ ಮಳೆಗಾಲಕ್ಕೆ ಜಂತೆ ಬೀಳುತ್ತದೆ, ಹತ್ತು ವರ್ಷಕ್ಕೆ ಅಂಗಳದಲ್ಲಿ ಮರ ಬೆಳೆದಿರುತ್ತದೆ. ಅರಸನ ಮನೆಯ ಪಂಚಾಂಗ ಕಲ್ಲಿನದಾದ್ದರಿಂದ ಅಷ್ಟಾದರೂ ಉಳಿಯಿತು. ಅಗ್ರಹಾರದ ಮನೆಗಳು, ಲಾಯದಲ್ಲಿ ದುಡಿಯುವವರ ಬಿಡಾರ, ಕಣಜಕ್ಕೆ ಭತ್ತ ಹೊತ್ತವರು ಮಲಗಿದ ಚಪ್ಪರ ಇವೆಲ್ಲ ಸೋಗೆ ಮತ್ತು ಮಣ್ಣು. ಅವು ಗುಡ್ಡಕ್ಕೇ ಮರಳಿ ಸೇರಿವೆ. ಕಾಡಿನ ನಡುವೆ ಅಲ್ಲಲ್ಲಿ ಮಟ್ಟಸವಾದ ಜಾಗಗಳು, ಕಲ್ಲಿನ ಅಂಚುಗಳು ಕಾಣುತ್ತವೆ. ಅವುಗಳ ಮೇಲೆ ನಿಂತಾಗ ಯಾರದೋ ಮನೆಯೊಳಗೆ ಚಪ್ಪಲಿ ಹಾಕಿಕೊಂಡು ನಿಂತಂತೆ ನನಗೆ ಈಗ ಅನಿಸುತ್ತದೆ.

ಕಣಜದ ಬಗ್ಗೆ ಇನ್ನೊಂದು ಮಾತು ಹೇಳಬೇಕು, ಏಕೆಂದರೆ ಮೇಲೆ ಬಂದ ಭತ್ತ ಕೆಳಗಿನ ಯಾರದೋ ಗದ್ದೆಯದು. ವೆಂಕಟಪ್ಪ ನಾಯಕನ ನಂತರದ ಕಾಲದಲ್ಲಿ, 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕ ಭೂಮಿಯ ಕಂದಾಯವನ್ನು ಗೊತ್ತುಪಡಿಸಿದ ‘ಶಿಸ್ತು’ ಇಂದಿಗೂ ನಮ್ಮ ಸೀಮೆಯಲ್ಲಿ ಹೆಸರಾದದ್ದು. ಒಂದೊಂದು ಊರಿನಲ್ಲೂ ಬೇರೆ ಬೇರೆ ಬಗೆಯ ನೆಲವನ್ನು ಆರಿಸಿ, 12 ವರ್ಷ ಸತತವಾಗಿ ಸರ್ಕಾರದ ಲೆಕ್ಕದಲ್ಲೇ ಬೆಳೆ ತೆಗೆದು, ಬೀಜದ ಖರ್ಚು, ದುಡಿಮೆ, ಬೆಲೆ ಎಲ್ಲ ಬರೆದಿಟ್ಟುಕೊಂಡು, ಅದರ ಸರಾಸರಿಯ ಮೇಲೆ ಮೂರರಲ್ಲಿ ಒಂದು ಪಾಲನ್ನು ಅರಸನ ಪಾಲೆಂದು ನಿಗದಿ ಮಾಡಲಾಯಿತು. ತೋಟಗಳನ್ನು ಅಳೆಯಲು ಬಳಸಿದ ಗಳುವಿನ ಉದ್ದವನ್ನು ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಲ್ಲಿನ ಮೆಟ್ಟಿಲಿಗೆ ಸರಿಹೊಂದಿಸಿದ್ದರು, ಸುಮಾರು ಹದಿನೆಂಟೂವರೆ ಅಡಿ. ಅಳತೆಗೋಲನ್ನು ಯಾರ ಮನೆಯಲ್ಲೋ ಇಡದೆ ದೇವಸ್ಥಾನದ ಮೆಟ್ಟಿಲಲ್ಲಿ, ಎಲ್ಲರೂ ಬಂದು ತಾಳೆ ನೋಡಬಹುದಾದ ಜಾಗದಲ್ಲಿ ಇಟ್ಟದ್ದು ದೊಡ್ಡ ನ್ಯಾಯ ಎಂದು ನನ್ನ ಅಭಿಪ್ರಾಯ. ಆದರೂ ಮೂರರಲ್ಲಿ ಒಂದು ಎಂದರೆ ಕಡಿಮೆಯಲ್ಲ. ಗದ್ದೆಯ ಅಂಚಿನಲ್ಲಿ ನಡೆದು ಬಂದ ನಮಗೆ ಆ ಭತ್ತದ ತೂಕ ಗೊತ್ತಿತ್ತು. ಅದನ್ನು ಮೂಟೆ ಕಟ್ಟಿ, ಕಲ್ಲುಹಾಸಿನ ಮೇಲೆ, ಮೂರು ಬಾಗಿಲು ದಾಟಿಸಿ ಇಷ್ಟು ಎತ್ತರಕ್ಕೆ ತಂದವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಇಷ್ಟೆಲ್ಲ ಕಷ್ಟಪಟ್ಟು ಗುಡ್ಡದ ಮೇಲೆ ಊರು ಏಕೆ? ಭಯಕ್ಕೆ. ಬಿಜಾಪುರದ ಸೈನ್ಯ ಇಕ್ಕೇರಿಯ ಮೇಲೆ ಬಿದ್ದಾಗ, ವೆಂಕಟಪ್ಪನ ನಂತರ ಆಳಿದ ವೀರಭದ್ರ ನಾಯಕ ಆಶ್ರಯ ಪಡೆದದ್ದು ಈ ಭುವನಗಿರಿಯಲ್ಲೇ. ಅದಾದ ಮೇಲೆ 1639ರ ಹೊತ್ತಿಗೆ ರಾಜಧಾನಿ ಇಕ್ಕೇರಿಯಿಂದ ಘಟ್ಟದ ಅಂಚಿನ ಬಿದನೂರಿಗೆ, ಅಂದರೆ ಇಂದಿನ ನಗರಕ್ಕೆ, ಬಂತು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ. ರಾಣಿ ವೀರಮ್ಮಾಜಿ ಸೆರೆಯಾಗಿ ಮಧುಗಿರಿಗೆ ಹೋದರು. ಕೆಳದಿಯ ಸಂಸ್ಥಾನ ಅಲ್ಲಿಗೆ ಮುಗಿಯಿತು. ಅಂಜಿಕೆಯ ಕಾಲದಲ್ಲಿ ಗುಡ್ಡ ಹತ್ತಿದ ಊರು ಅಂಜಿಕೆ ಕಳೆದ ಮೇಲೆ ಒಂದೇ ದಿನ ಖಾಲಿಯಾಗುವುದಿಲ್ಲ. ಅರಸ ಇಲ್ಲದ ಮೇಲೆ ಕಣಜಕ್ಕೆ ಭತ್ತ ಬರುವುದಿಲ್ಲ, ಭತ್ತವಿಲ್ಲದ ಮೇಲೆ ಲಾಯಕ್ಕೆ ಕೆಲಸವಿಲ್ಲ; ಗಾಡಿ ಹೋಗುವ ರಸ್ತೆಗಳು ತಗ್ಗಿನಲ್ಲಿ ಆದವು, ವ್ಯಾಪಾರ ತುಂಗೆಯ ದಡದ ತೀರ್ಥಹಳ್ಳಿಗೆ ಸರಿಯಿತು, ಕಚೇರಿಯೂ ಅದರ ಹಿಂದೆ ಹೋಯಿತು. ಮೇಲಿನ ಮನೆಯವರು ಒಬ್ಬೊಬ್ಬರಾಗಿ ಗಂಟು ಕಟ್ಟಿಕೊಂಡು ಇಳಿದಿರಬೇಕು. ಕೊನೆಯ ಒಲೆ ಯಾವ ವರ್ಷ ಆರಿತೋ!

ನಡುಹಗಲು ಕಳೆದ ಮೇಲೆ ಶಿಖರಕ್ಕೆ ಹೋದೆವು. ಅಲ್ಲಿ, ಬಂಡೆಯ ನೆತ್ತಿಯಲ್ಲಿ, ಚಿಕ್ಕದೊಂದು ಶಿಖರೇಶ್ವರನ ಗುಡಿ. ಕೊನೆಯ ಏರಿನಲ್ಲಿ ದೊಡ್ಡಮ್ಮನ ಕೈ ಹಿಡಿದುಕೊಂಡೆ. ಗುಡಿಗೆ ಕೈಮುಗಿದು ಅವರು ಪಡುವಣಕ್ಕೆ ತಿರುಗಿದರು. ಬೆಟ್ಟಗಳ ಸಾಲಿನ ನಡುವೆ ವಾರಾಹಿಯ ಹಿನ್ನೀರು ಕೈಬೆರಳುಗಳನ್ನು ಚಾಚಿದ ಹಾಗೆ ಹರಡಿಕೊಂಡಿತ್ತು. ಇಲ್ಲಿಗೆ ಬಂದವರೆಲ್ಲ ಮೆಚ್ಚುವ ನೋಟ ಅದು. ನಾನೂ ಅದರ ಚಿತ್ರಗಳನ್ನು ತೆಗೆದು ಹಲವರಿಗೆ ಕಳಿಸಿದ್ದೇನೆ. ದೊಡ್ಡಮ್ಮನನ್ನು ಅದರ ಎದುರು ತಂದು ನಿಲ್ಲಿಸುವವರೆಗೂ, ಅದು ಏನನ್ನು ಮುಚ್ಚಿಕೊಂಡ ನೀರು ಎಂದು ಗೊತ್ತಿದ್ದೂ ನಾನು ಯೋಚಿಸಿರಲಿಲ್ಲ. ಅದಕ್ಕಾಗಿ ನನಗೆ ನಾಚಿಕೆಯಾಯಿತು.

ಅವರು ಅಳಲಿಲ್ಲ. ಬಹಳ ಹೊತ್ತು ಗುಡ್ಡಗಳನ್ನು ಲೆಕ್ಕ ಹಾಕಿದರು. ಹುಟ್ಟೂರಿನ ಗುಡ್ಡಗಳನ್ನು ಅವರು ನೋಡಿದ್ದು ಆ ಬದಿಯಿಂದ, ಬುಡದಿಂದ. ಇಲ್ಲಿಂದ ಅವುಗಳ ಬೆನ್ನು ಕಾಣುತ್ತಿತ್ತು, ಅದೂ ಅರ್ಧ ಮುಳುಗಿದ ಬೆನ್ನು. ಒಂದು ದಿಬ್ಬವನ್ನು ಮೊದಲು ಇದೇ ಎಂದರು, ಆಮೇಲೆ ಅಲ್ಲ ಎಂದರು. ಕೊನೆಗೆ ತಮ್ಮ ಹಿತ್ತಿಲಿನಿಂದ ಈ ಗುಡ್ಡದ ನೆತ್ತಿ ಯಾವ ಎರಡು ಗುಡ್ಡಗಳ ಸಂದಿಯಲ್ಲಿ ಕಾಣುತ್ತಿತ್ತು ಎಂಬುದನ್ನು ನೆನಪಿಸಿಕೊಂಡು, ಆ ಸಂದಿಯನ್ನು ಇಲ್ಲಿಂದ ಹುಡುಕಿ, ಅದರ ನೇರಕ್ಕೆ ಕೋಲು ಚಾಚಿದರು. ಕೋಲಿನ ತುದಿಯಲ್ಲಿ ನೀರಿನ ಒಂದು ಕವಲು ಹೊಳೆಯುತ್ತಿತ್ತು. ‘ಅಲ್ಲೇ. ನೀರು ಇಳ್ದಾಗ ಈಗ್ಲೂ ಪಂಚಾಂಗ ಕಾಣ್ತದಂತೆ. ನಮ್ಮಣ್ಣ ಒಂದ್ಸಲ ಹೋಗಿ ನೋಡಿ ಬಂದಿದ್ದ. ಒಲೆಯ ಕಲ್ಲು ಅಲ್ಲೇ ಇತ್ತಂತೆ, ಕೆಸರು ತುಂಬಿ.’

ಶರಾವತಿಯ ಲಿಂಗನಮಕ್ಕಿ ತುಂಬಿದ 1964ರಿಂದ ನಮ್ಮ ಜಿಲ್ಲೆಯಲ್ಲಿ ಈ ಮಾತು ಆಡಿದವರು ಸಾವಿರಾರು ಮಂದಿ. ಚಕ್ರಾ, ಸಾವೆಹಕ್ಕಲು, ವಾರಾಹಿ ಎಂದು ಒಂದಾದ ಮೇಲೊಂದು ಕಣಿವೆ ತುಂಬಿತು. ನಾಡಿಗೆ ಬೆಳಕು ಬಂತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಈ ಬರಹವನ್ನು ಆ ಬೆಳಕಿನಲ್ಲೇ ಬರೆಯುತ್ತಿದ್ದೇನೆ. ಆದರೆ ಗುಡ್ಡದ ಮೇಲಿನ ಪಂಚಾಂಗಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆ ಇದೆ, ಫಲಕ ಇದೆ, ನಮ್ಮಂಥವರು ದೂರದಿಂದ ಬಂದು ನೋಡುತ್ತೇವೆ. ಕಣಿವೆಯ ಪಂಚಾಂಗಗಳಿಗೆ ಯಾವ ಫಲಕವೂ ಇಲ್ಲ. ಅವುಗಳ ಅಡುಗೆಮನೆ ಯಾವುದು, ಬಚ್ಚಲು ಯಾವುದು ಎಂದು ಹೇಳಬಲ್ಲವರು ದೊಡ್ಡಮ್ಮನ ವಯಸ್ಸಿನವರು ಮಾತ್ರ. ಅವರ ಬಾಯಿಂದ ಆ ಮನೆಗಳ ನಕ್ಷೆಯನ್ನು ಯಾರಾದರೂ ಬರೆದುಕೊಳ್ಳಬೇಕು. ನಾನು ನಮ್ಮ ದೊಡ್ಡಮ್ಮನಿಂದ ಶುರು ಮಾಡಿದ್ದೇನೆ. ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಹನ್ನೊಂದು ಪುಟ ತುಂಬಿದೆ.

ಇಳಿಯುವಾಗ ಅರಮನೆಯ ಹತ್ತಿರ ಹುಡುಗರ ಒಂದು ಗುಂಪು ಊಟ ಮಾಡುತ್ತಿತ್ತು. ಒಬ್ಬ ಹುಡುಗ ಆ ಐದುರಿಯ ಒಲೆಯ ಒಂದು ಬಾಯೊಳಗೆ ಖಾಲಿ ನೀರಿನ ಬಾಟಲಿ ತುರುಕುತ್ತಿದ್ದ. ನನಗೆ ಸಿಟ್ಟು ಬಂದು ಏನೋ ಹೇಳಲು ಹೊರಟೆ. ದೊಡ್ಡಮ್ಮ ನನ್ನ ತೋಳು ಹಿಡಿದು ನಿಲ್ಲಿಸಿ, ಅವನ ಹತ್ತಿರ ಹೋಗಿ, ‘ಅದು ಒಲೆ ಕಣೋ ಮಗಾ, ಅಡುಗೆ ಮಾಡ್ತಿದ್ದದ್ದು’ ಎಂದರು. ಅವನು ಗಾಬರಿಯಾಗಿ ಬಾಟಲಿ ಹೊರಗೆಳೆದು ಚೀಲಕ್ಕೆ ಹಾಕಿಕೊಂಡ. ಆಮೇಲೆ ಅವನೇ, ಯಾವ ಉರಿಯಲ್ಲಿ ಏನು ಮಾಡುತ್ತಿದ್ದರು ಅಜ್ಜಿ ಎಂದು ಕೇಳಿದ. ದೊಡ್ಡಮ್ಮ ಮತ್ತೆ ಕುಕ್ಕರುಗಾಲಲ್ಲಿ ಕುಳಿತು ಅನ್ನ, ಸಾರು, ಪಲ್ಯ, ಹಾಲು ಎಂದು ಹೇಳುತ್ತ ಹೋದರು. ಆ ಹುಡುಗರೆಲ್ಲ ಊಟದ ಕೈ ಒಣಗುವವರೆಗೆ ಸುತ್ತ ನಿಂತು ಕೇಳಿದರು.

ಗದ್ದೆಯ ಅಂಚಿಗೆ ಬರುವಾಗ ಬಿಸಿಲು ಗುಡ್ಡದ ಹಿಂದಕ್ಕೆ ಹೋಗಿತ್ತು. ಹಿನ್ನೀರು ಏಪ್ರಿಲ್ ಕೊನೆಗೆ ಎಷ್ಟು ಇಳಿಯುತ್ತದೆ ಎಂದು ದೊಡ್ಡಮ್ಮ ಕೇಳಿದರು. ಅಲ್ಲಿಗೆ ಹೋಗಿ, ಹಿತ್ತಿಲು ಇದ್ದ ಜಾಗದಲ್ಲಿ ನಿಂತು, ಈ ಗುಡ್ಡ ಮೊದಲು ಕಂಡ ಹಾಗೆಯೇ ಕಾಣುತ್ತದೆಯೋ ನೋಡಬೇಕಂತೆ. ಅಷ್ಟು ಹೊತ್ತಿಗೆ ನಮ್ಮ ಅಡಿಕೆಯ ಕೆಲಸವೂ ಮುಗಿದಿರುತ್ತದೆ. ಆ ಕಡೆ ದೋಣಿ ಇಟ್ಟುಕೊಂಡವರನ್ನು ಮೊದಲೇ ಕೇಳಿಡಬೇಕು.